ಕುಟ್ರು ಕೊರೆದ ತೂತು

ಕಣದ ಒಂದು ಮೂಲೆಯಲ್ಲಿ ಮರದ ಹುಡಿ ಬಿದ್ದಿತ್ತು. 2019ರ ಜನವರಿ. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದಿತ್ತು. ಹಿಂದಿನ ದಿನ ಹರವಿದ್ದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ) ಮೇಲೆ ಯಾರೋ ರವೆ ಉದುರಿಸಿದ ಹಾಗೆ ತಿಳಿ ಹಳದಿ ಹುಡಿ. ಕೊರೆಹುಳದ ಕೆಲಸ ಇರಬೇಕು ಅಂದುಕೊಂಡು ತಲೆ ಎತ್ತಿ ನೋಡಿದೆ. ಕಣದ ಕಡೆಗೆ ಬಾಗಿದ್ದ ಒಣ ಹಾಲುವಾಣದ ಕೊಂಬೆಯಲ್ಲಿ ಒಂದು ತೂತು. ಅದರಿಂದ ಗಿಡ್ಡ ಹಸಿರು ಬಾಲವೊಂದು ಹೊರಗೆ ಚಾಚಿಕೊಂಡು ಅಲ್ಲಾಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಹಕ್ಕಿ ಹಿಂದಕ್ಕೆ ಸರಿಯಿತು. ಕೊಕ್ಕಿನ ತುಂಬ ಹುಡಿ. ತಲೆಯನ್ನು ಆಚೆ ಈಚೆ ಕೊಡವಿ ಅದನ್ನು ಗಾಳಿಗೆ ಬಿಟ್ಟು ಮತ್ತೆ ಒಳಗೆ ಹೋಯಿತು. ಟಕ್ ಟಕ್ ಟಕ್. ಕುಟ್ರು ಹಕ್ಕಿ.

ಕೊಡಗಿನಲ್ಲಿ ಇರುವವರಿಗೆ ಕುಟ್ರುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಣ್ಣಿಗೆ ಬೀಳುವುದು ಕಮ್ಮಿ, ಆದರೆ ಕಿವಿಗೆ ಬೀಳದ ದಿನವೇ ಇಲ್ಲ. ಡಿಸೆಂಬರ್ ಬಂತೆಂದರೆ ಬೆಳಗಿನಿಂದ ಸಂಜೆವರೆಗೂ ಕುಟ್ರೂ ಕುಟ್ರೂ ಕುಟ್ರೂ. ಒಂದು ಶುರು ಮಾಡಿದರೆ ಆಚೆ ತೋಟದ್ದು ಸೇರಿಕೊಳ್ಳುತ್ತದೆ, ಅದರಾಚೆಯದೂ ಸೇರಿಕೊಳ್ಳುತ್ತದೆ. ಹಸಿರು ಮೈ, ಕಂದು ತಲೆ, ಕೆನ್ನೆಯ ಮೇಲೆ ಬಿಳಿ ಪಟ್ಟೆ, ದಪ್ಪ ಕೊಕ್ಕು, ಕೊಕ್ಕಿನ ಬುಡದಲ್ಲಿ ಮೀಸೆಯಂಥ ಕೂದಲು. ಗೋಣಿ ಮರ, ಬಸರಿ ಮರ ಹಣ್ಣಾದಾಗ ಎಲೆಯ ಬಣ್ಣದಲ್ಲೇ ಬೆರೆತು ಕೂತು ತಿನ್ನುತ್ತದೆ. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಅದನ್ನು ನೋಡಿದ್ದು ಆವತ್ತೇ ಮೊದಲು.

ನಮ್ಮ ತೋಟ ಇರುವುದು ಮಾದಾಪುರದ ಹತ್ತಿರ. ಸಣ್ಣ ತೋಟ. ಕಣ ಮನೆಯ ಎದುರಿಗೇ ಇದೆ. ಕಾಫಿ ಒಣಗುವ ತಿಂಗಳುಗಳಲ್ಲಿ ನನಗೂ ಅತ್ತೆಗೂ ಹಗಲೆಲ್ಲ ಅಲ್ಲೇ ಕೆಲಸ. ಹರವುವುದು, ಕೆದಕುವುದು, ಸಂಜೆ ಗುಡ್ಡೆ ಮಾಡಿ ಟಾರ್ಪಲ್ ಹೊದಿಸುವುದು. ಹಾಗಾಗಿ ಆ ಗೂಡಿನ ಕೆಲಸವನ್ನು ದಿನಾ ನೋಡಲು ಸಿಕ್ಕಿತು. ಕುಟ್ರುಗಳು ಎರಡು. ಗಂಡು ಯಾವುದು ಹೆಣ್ಣು ಯಾವುದು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಕೊರೆಯುವಾಗ ಇನ್ನೊಂದು ಪಕ್ಕದ ಕೊಂಬೆಯಲ್ಲಿ ಕೂತಿರುತ್ತಿತ್ತು. ಅದು ಹೊರಗೆ ಬಂದರೆ ಇದು ಒಳಗೆ. ಒಂದು ನಿಂಬೆಹಣ್ಣು ಹಿಡಿಸುವಷ್ಟು ಗುಂಡಗಿನ ಬಾಯಿ, ಕೈವಾರ ಹಿಡಿದು ಗೀಚಿದ ಹಾಗೆ. ಕೊಂಬೆ ವಾಲಿಕೊಂಡಿದ್ದ ಕಡೆ ಅದರ ಕೆಳಮೈಗೆ ಬಾಯಿ ತೆಗೆದಿದ್ದವು. ಮಳೆ ಬಂದರೆ ನೀರು ಒಳಗೆ ಇಳಿಯುವುದಿಲ್ಲ. ನಮ್ಮ ಮಳೆಯ ಲೆಕ್ಕ ಅವಕ್ಕೆ ಚೆನ್ನಾಗಿ ಗೊತ್ತು.

ಒಂದು ಗೂಡು ಕೊರೆಯಲು ಕುಟ್ರುವಿಗೆ 18ರಿಂದ 20 ದಿನ ಬೇಕು. ಇಡುವುದು ಸುಮಾರು ಮೂರು ಮೊಟ್ಟೆ. ಕಾವು 14-15 ದಿನ. ಹಗಲು ಇಬ್ಬರೂ ಸರದಿ ಪ್ರಕಾರ ಕೂರುತ್ತವೆ, ರಾತ್ರಿ ಹೆಣ್ಣೇ ಕೂರುತ್ತದೆ. ಮರಿ ಹಾರಲು ಮತ್ತೆ ಐದು ವಾರದ ಮೇಲೆ. ಎಲ್ಲ ಸೇರಿದರೆ ಎರಡೂವರೆ ತಿಂಗಳ ಸಂಸಾರ. ಅದರಲ್ಲಿ ಮೊದಲ ಇಪ್ಪತ್ತು ದಿನ ಬರೀ ಮನೆ ಕಟ್ಟುವುದಕ್ಕೇ.

ಕೆಲಸ ಶುರುವಾಗಿ ಒಂದು ವಾರ ಆಗಿರಬೇಕು. ಕಣದಾಚೆಯ ಸಿಲ್ವರ್ ಓಕ್ ಮರದಲ್ಲಿ ಎರಡು ಮೈನಾ ಬಂದು ಕೂರತೊಡಗಿದವು. ಊರೊಳಗೆ ಕಾಣುವ ಗೊರವಂಕ ಅಲ್ಲ, ಕಾಡು ಮೈನಾ. ಗೊರವಂಕಕ್ಕೆ ಕಣ್ಣಿನ ಸುತ್ತ ಹಳದಿ ಚರ್ಮ ಇರುತ್ತದೆ. ಇದಕ್ಕೆ ಅದಿಲ್ಲ. ಬದಲಿಗೆ ಕೊಕ್ಕಿನ ಬುಡದಲ್ಲಿ ಪುಟ್ಟ ಜುಟ್ಟು, ತಿಳಿ ನೀಲಿ ಕಣ್ಣು. ಅವು ಏನೂ ಮಾಡಲಿಲ್ಲ. ಸುಮ್ನೆ ಕೂತು ನೋಡುತ್ತಿದ್ದವು. ಹಾಲುವಾಣದ ಹೂವಿಗೆ ಬಂದಿವೆ ಅಂತ ನಾನು ಅಂದುಕೊಂಡೆ. ಅತ್ತೆ ಮಾತ್ರ ಮೊರದಿಂದ ತಲೆ ಎತ್ತದೆ ಹೇಳಿದರು, "ಅವು ಮನೆ ಆಗೋದನ್ನ ಕಾಯ್ತಾ ಇವೆ, ನೋಡ್ತಾ ಇರು."

ಹುಡಿ ಬೀಳುವುದು ನಿಂತ ಎರಡು ಮೂರು ದಿನಕ್ಕೆ ಜಗಳ ಶುರುವಾಯಿತು.

ಒಳಗೆ ಇರುವ ಹಕ್ಕಿಯದೇ ಮೇಲುಗೈ. ಕುಟ್ರು ಒಳಗಿದ್ದಾಗ ಬಾಗಿಲಿಗೆ ಅದರ ಕೊಕ್ಕೇ ಅಗುಳಿ. ಮೈನಾ ಹತ್ತಿರ ಬಂದರೆ ಕುಕ್ಕುತ್ತಿತ್ತು. ಆದರೆ ಎಷ್ಟು ಹೊತ್ತು ಅಂತ ಒಳಗೇ ಕೂತಿರಲು ಆಗುತ್ತದೆ? ಹೊಟ್ಟೆಗೆ ಬೇಕಲ್ವಾ? ಹಣ್ಣಿಗೆಂದು ಒಂದು ಹೋಗಿ, ಇನ್ನೊಂದು ಅರೆಗಳಿಗೆ ಹೊರಗೆ ಬಂದರೆ ಸಾಕು, ಮೈನಾ ಒಳಗೆ. ಕುಟ್ರು ವಾಪಸ್ ಬಂದು ಬಾಗಿಲಲ್ಲಿ ಕಿರುಚುತ್ತಿತ್ತು. ಹಿಂದಿನಿಂದ ಇನ್ನೊಂದು ಮೈನಾ ಬಂದು ಅದರ ಬೆನ್ನಿನ ಮೇಲೆ ಬೀಳುತ್ತಿತ್ತು. ಒಂದು ಮಧ್ಯಾಹ್ನ ಎರಡು ಹಕ್ಕಿಗಳು ಕಾಲಿಗೆ ಕಾಲು ಸಿಕ್ಕಿಸಿಕೊಂಡು ಉಂಡೆಯಾಗಿ ದೊಪ್ಪನೆ ಕಣದ ಮೇಲೇ ಬಿದ್ದವು, ನನ್ನಿಂದ ನಾಲ್ಕು ಮಾರು ದೂರದಲ್ಲಿ. ಕಾಫಿಯ ಮೇಲೆ ಹೊರಳಾಡಿದವು. ಬಾಯಿ ತೆರೆದುಕೊಂಡಿದ್ದರೂ ಎರಡರಿಂದಲೂ ಸದ್ದಿಲ್ಲ. ನಾನು ಓಡಿದಾಗ ಬಿಟ್ಟು ಹಾರಿದವು. ಪಾರ್ಚ್‌ಮೆಂಟ್ ಮೇಲೆ ಎರಡು ಹಸಿರು ಗರಿ ಉಳಿದವು. ಒಂದನ್ನು ಎತ್ತಿಟ್ಟುಕೊಂಡಿದ್ದೇನೆ.

ಐದನೇ ದಿನ ಬೆಳಿಗ್ಗೆ ಮರದ ಕೆಳಗೆ ಮೊಟ್ಟೆಯ ಚಿಪ್ಪು ಬಿದ್ದಿತ್ತು. ಬಿಳಿ ಚಿಪ್ಪು. ಒಳಗಿನ ಲೋಳೆಗೆ ಆಗಲೇ ಇರುವೆ ಮುತ್ತಿತ್ತು. ಮೈನಾದ ಮೊಟ್ಟೆ ನೀಲಿ, ಆಕಾಶದ ಹಾಗೆ. ಪೊಟರೆಯ ಕತ್ತಲಲ್ಲಿ ಇಡುವ ಮೊಟ್ಟೆಗೆ ಬಣ್ಣದ ಮರೆ ಬೇಕಾಗಿಲ್ಲ. ಕುಟ್ರು, ಮರಕುಟಿಗ, ಗಿಳಿ, ಗೂಬೆ ಎಲ್ಲದರ ಮೊಟ್ಟೆಯೂ ಬಿಳಿಯೇ. ಹಾಗಾಗಿ ಯಾರ ಮೊಟ್ಟೆಯನ್ನು ಯಾರು ಹೊರಗೆ ಹಾಕಿದರು ಅಂತ ಕೇಳಬೇಕಾಗಿರಲಿಲ್ಲ. ಅದೇ ಹೊತ್ತಿಗೆ ಮೇಲೆ ಮೈನಾ ಒಣಹುಲ್ಲು ತಂದು ತುರುಕುತ್ತಿತ್ತು. ಮಾರನೇ ದಿನ ಒಂದು ಚಾಕೊಲೇಟ್ ಕಾಗದ ತಂದಿತು. ಆಮೇಲೆ ಅಂಗೈ ಉದ್ದದ ಹಾವಿನ ಪೊರೆ. ಪೊರೆ ಬಾಗಿಲಲ್ಲಿ ಒಂದು ದಿನ ಪೂರ್ತಿ ನೇತಾಡುತ್ತಿತ್ತು.

ನನಗೆ ತಡೆಯಲಾಗದಷ್ಟು ಸಿಟ್ಟು ಬಂದಿತ್ತು. ಇಪ್ಪತ್ತು ದಿನದ ಕೆಲಸ ನೋಡಿದ್ದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ ಅಂತ ಹೇಳುತ್ತಾರಲ್ಲ, ಆ ಮಾತು ಕಣ್ಣೆದುರಿಗೇ ನಡೆದಿತ್ತು. ದೋಟಿ ತಂದು ಆ ಹುಲ್ಲನ್ನೆಲ್ಲ ಎಳೆದು ಹಾಕುತ್ತೇನೆ ಅಂತ ಹೊರಟೆ. ಅತ್ತೆ ಕೈ ಹಿಡಿದು ನಿಲ್ಲಿಸಿದರು.

"ಅದು ಎಲ್ಲಿಗೆ ಹೋಗ್ಬೇಕು ಹೇಳು?" ಅಂದರು.

"ಎಲ್ಲಿಗಾದರೂ ಹೋಗಲಿ ಅತ್ತೆ. ಇದು ಅದು ಕಟ್ಟಿದ್ದಲ್ಲ."

"ಅದಕ್ಕೆ ಕಟ್ಟೋಕೆ ಬರಲ್ಲ ಮಗಾ. ಅದರ ಕೊಕ್ಕು ನೋಡು."

ಮೈನಾದ ಕೊಕ್ಕು ತೆಳು, ಚೂಪು. ಹುಲ್ಲಿನಲ್ಲಿ ಮಿಡತೆ ಹಿಡಿಯಲು, ಹಣ್ಣು ಕುಕ್ಕಲು ಸರಿ. ಮರ ಕೊರೆಯಲು ಆಗದು. ಅತ್ತೆ ಹೇಳಿದ್ದು ಅಷ್ಟೇ. ಆದರೆ ಆ ಮಾತಿನ ಹಿಂದೆ ಹೋದಷ್ಟೂ ನಾನು ನೋಡಿದ ಜಗಳ ಬೇರೆಯಾಗಿ ಕಾಣತೊಡಗಿತು.

ನಮ್ಮ ತೋಟದಲ್ಲಿ ಮರದ ಪೊಟರೆಯೊಳಗೆ ಮರಿ ಮಾಡುವ ಹಕ್ಕಿಗಳನ್ನು ಬರೆಯುತ್ತಾ ಹೋದೆ. ಕಾಡು ಮೈನಾ, ಗೊರವಂಕ, ಬೆಟ್ಟದ ಮೈನಾ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇರದ ನೀಲಿರೆಕ್ಕೆ ಗಿಳಿ. ಮಡಿವಾಳ ಹಕ್ಕಿ. ರಾತ್ರಿ ಕೂಗುವ ಚಿಕ್ಕ ಗೂಬೆಗಳು. ಮಂಗಟ್ಟೆ. ಇವುಗಳಲ್ಲಿ ಗಟ್ಟಿ ಮರಕ್ಕೆ ತಾನೇ ತೂತು ಕೊರೆಯಬಲ್ಲದ್ದು ಒಂದೂ ಇಲ್ಲ. ಗಿಳಿ ಇದ್ದ ತೂತನ್ನು ಕಡಿದು ಸ್ವಲ್ಪ ದೊಡ್ಡದು ಮಾಡಿಕೊಳ್ಳುತ್ತದೆ, ಅಷ್ಟೇ. ಕೊರೆಯುವವರು ಎರಡೇ ಕುಲ, ಮರಕುಟಿಗ ಮತ್ತು ಕುಟ್ರು. ಮಿಕ್ಕವರೆಲ್ಲ ಅವರು ಬಿಟ್ಟ ಮನೆಗೋ, ಕೊಂಬೆ ಮುರಿದು ಕೊಳೆತು ತಾನಾಗಿ ಆದ ಪೊಟರೆಗೋ ಕಾಯಬೇಕು. ಹಕ್ಕಿಗಳು ಮಾತ್ರ ಅಲ್ಲ, ಅಳಿಲು, ಹಾರುವ ಬೆಕ್ಕು, ತುಡುವೆ ಜೇನು ಕೂಡ ಆ ಸಾಲಿನಲ್ಲಿವೆ.

ಕುಟ್ರು ಸಾಮಾನ್ಯವಾಗಿ ಪ್ರತಿ ವರ್ಷ ಹೊಸ ತೂತು ಕೊರೆಯುತ್ತದೆ. ಮರ ಅದೇ ಇದ್ದರೂ ಬಾಯಿ ಹೊಸದು. ಹಳೆಯದನ್ನು ಬಿಟ್ಟುಕೊಡುತ್ತದೆ. ಅಂದರೆ ತೋಟದಲ್ಲಿ ಬೇಕಾದಷ್ಟು ತೂತುಗಳಿದ್ದರೆ, ಮೈನಾ ಹೋಗಿ ಹೊಸ ಮನೆಗೆ ಜಗಳ ತೆಗೆಯುವ ಅಗತ್ಯವೇ ಕಮ್ಮಿ. ಹೋದ ವರ್ಷದ ಮನೆಗಳು ಖಾಲಿ ಇರುತ್ತವೆ. ಜಗಳ ಆಯಿತು ಅಂದರೆ ಹಳೆಯ ಮನೆಗಳು ಸಾಲಲಿಲ್ಲ ಅಂತಲೇ ನನಗೆ ಅನ್ನಿಸಿತು.

ಇನ್ನೊಬ್ಬರ ಗೂಡಿನಲ್ಲಿ ಇರುವುದಕ್ಕೂ ನಾನಾ ಬಗೆ ಇದೆ. ನಾವು ಎಲ್ಲವನ್ನೂ ಒಂದೇ ಕಳ್ಳತನ ಅಂತ ಕರೆಯುತ್ತೇವೆ, ಅದು ಸರಿಯಲ್ಲ. ಕೋಗಿಲೆಗೆ ಬೇಕಾಗಿರುವುದು ಕಾಗೆಯ ಗೂಡಲ್ಲ, ಕಾಗೆಯ ದುಡಿಮೆ. ಮೊಟ್ಟೆ ಇಟ್ಟು ಹೊರಟು ಹೋಗುತ್ತದೆ. ಹಳೆಯ ಕಾವ್ಯಗಳಲ್ಲಿ ಕೋಗಿಲೆಗೆ ಪರಪುಷ್ಟ, ಪರಭೃತ ಅಂತಲೇ ಹೆಸರು. ಬೇರೆಯವರು ಸಾಕಿದ್ದು ಅಂತ ಅರ್ಥ. ಎಷ್ಟೋ ಶತಮಾನದ ಹಿಂದೆಯೇ ಯಾರೋ ಮರದ ಕೆಳಗೆ ಕೂತು ನೋಡಿ ಇಟ್ಟ ಹೆಸರು ಅದು. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಮೊದಲೇ ಒಡೆಯುತ್ತದೆ, ಮರಿಗೆ ಮೊದಲ ತುತ್ತು ಸಿಗುತ್ತದೆ. ಆದರೂ ಕೋಗಿಲೆ ಮರಿ ಕಾಗೆ ಮರಿಗಳ ಜೊತೆಗೇ ಬೆಳೆಯುವುದನ್ನು ನಮ್ಮಲ್ಲಿ ನೋಡಬಹುದು. ಯುರೋಪಿನ ಕಕ್ಕೂ ಮರಿ ಹಾಗಲ್ಲ. ಕಣ್ಣು ಬಿಡುವ ಮೊದಲೇ ಪಕ್ಕದ ಮೊಟ್ಟೆಗಳನ್ನು ಬೆನ್ನ ಮೇಲೆ ಏರಿಸಿಕೊಂಡು ಗೂಡಿನಿಂದ ಹೊರಗೆ ದಬ್ಬುತ್ತದೆ. ಅದನ್ನು ಕಣ್ಣಾರೆ ನೋಡಿ 1788ರಲ್ಲಿ ಬರೆದವರು ಎಡ್ವರ್ಡ್ ಜೆನ್ನರ್, ಆಮೇಲೆ ಸಿಡುಬಿಗೆ ಲಸಿಕೆ ಕೊಟ್ಟ ಅದೇ ಜೆನ್ನರ್. ಆಗ ಬಹಳ ಜನ ನಂಬಲಿಲ್ಲವಂತೆ. ಅಷ್ಟು ಎಳೆಯ ಮರಿ ಅಂಥ ಕೆಲಸ ಮಾಡುತ್ತದೆ ಅಂದರೆ ಯಾರಿಗಾದರೂ ನಂಬಲು ಕಷ್ಟವೇ.

ಮಣ್ಣಿನ ಗೂಡಿನದು ಬೇರೆ ಕಥೆ. ಸೇತುವೆಯ ಕೆಳಗೆ, ಹಳೆಯ ಕಟ್ಟಡದ ಸೂರಿನಲ್ಲಿ ಕವಲುತೋಕೆ ಹಕ್ಕಿಗಳು ಕೊಕ್ಕಿನಲ್ಲಿ ಒಂದೊಂದೇ ಕೆಸರಿನ ಉಂಡೆ ತಂದು ಅಂಟಿಸಿ, ಕತ್ತಿರುವ ಕುಡಿಕೆಯ ಹಾಗೆ ಮನೆ ಕಟ್ಟುತ್ತವೆ. ಗುಬ್ಬಿಗಳು ಅದಕ್ಕೆ ನುಗ್ಗುತ್ತವೆ. ಕುಡುಗೋಲಿನಂಥ ರೆಕ್ಕೆಯ ಬಾನಾಡಿಗಳೂ ನುಗ್ಗುತ್ತವೆ, ಬಾಯಿಗೆ ಗರಿ ಹುಲ್ಲು ಅಂಟಿಸಿ ತಮ್ಮದು ಮಾಡಿಕೊಳ್ಳುತ್ತವೆ. ಗೀಜಗ ನೇಯ್ದು ಬಿಟ್ಟ ಹಳೆಯ ಗೂಡಿಗೆ ಮುನಿಯಾಗಳು ಬರುತ್ತವೆ. ಅಲ್ಲಿ ಜಗಳವೇ ಇಲ್ಲ, ಖಾಲಿ ಮನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಆಶ್ಚರ್ಯ ಆದದ್ದು ಕಂದು ಮರಕುಟಿಗದ ಸಂಗತಿ. ಅದು ನಮ್ಮ ತೋಟಗಳಲ್ಲೂ ಇದೆ. ನೆರಳಿನ ಮರದ ಕೊಂಬೆಗೆ ಕರಿ ಇರುವೆಗಳು ಕಟ್ಟುವ ಕಂದು ಉಂಡೆಯನ್ನು ನೀವು ನೋಡಿರುತ್ತೀರಿ, ತೆಂಗಿನಕಾಯಿಗಿಂತ ದೊಡ್ಡದು, ರಟ್ಟಿನ ಹಾಗೆ ಇರುತ್ತದೆ. ಕಂದು ಮರಕುಟಿಗಕ್ಕೆ ಆ ಇರುವೆಗಳೇ ಊಟ. ಮೊಟ್ಟೆ ಇಡುವ ಕಾಲ ಬಂದಾಗ ಅದು ಅದೇ ಗೂಡಿಗೆ ತೂತು ಮಾಡಿ, ಒಳಗೆ ಜೀವಂತ ಇರುವೆಗಳು ಓಡಾಡುತ್ತಿರುವಾಗಲೇ ಅಲ್ಲೇ ಮೊಟ್ಟೆ ಇಡುತ್ತದೆ, ಮರಿ ಮಾಡುತ್ತದೆ. ಮರಕ್ಕೆ ಕೈ ಹಾಕಿದರೆ ನಮ್ಮನ್ನು ಕಚ್ಚಿ ಓಡಿಸುವ ಇರುವೆ, ತನ್ನ ಮನೆ ಒಡೆದು ಕೂತ ಹಕ್ಕಿಯ ಮರಿಯನ್ನು ಬಿಟ್ಟಿರುತ್ತದೆ. ಮರ ಕೊರೆಯಲು ಬರುವ ಕುಲದ ಹಕ್ಕಿಯೇ ಇರುವೆಯ ಮನೆ ಹುಡುಕಿಕೊಂಡು ಹೋಗುತ್ತದೆ ಅಂದರೆ, ಇಲ್ಲಿ ಕಳ್ಳ ಯಾರು ಸಾಚಾ ಯಾರು ಅಂತ ಹೇಗೆ ವಿಂಗಡಿಸುವುದು? ಆ ಯೋಚನೆ ಬಂದ ಮೇಲೆ ಮೈನಾದ ಮೇಲಿನ ನನ್ನ ಸಿಟ್ಟು ಇಳಿಯಿತು.

ಹಾಗಂತ ಎಲ್ಲ ಕಡೆಯೂ ಇದು ಸಹಜ, ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಗೊರವಂಕವನ್ನೇ ನೋಡಿ. 1862ರಲ್ಲಿ ಅದನ್ನು ಹುಳ ತಿನ್ನಲಿ ಅಂತ ಆಸ್ಟ್ರೇಲಿಯಾದ ಮೆಲ್ಬೋರ್ನ್‌ಗೆ ಒಯ್ದು ಬಿಟ್ಟರು. ಅಲ್ಲಿನ ಬಣ್ಣಬಣ್ಣದ ಗಿಳಿಗಳು ಪೊಟರೆಗಾಗಿ ಇವತ್ತಿಗೂ ಅದರ ಜೊತೆ ಕಾದಾಡಬೇಕಾಗಿದೆ. 1890ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಯುರೋಪಿನ ಸ್ಟಾರ್ಲಿಂಗ್ ಹಕ್ಕಿಗಳನ್ನು ಬಿಟ್ಟರು, ಬರೀ 60. ಮೈನಾದ ದಾಯಾದಿಯೇ ಅದು. ಇಡೀ ಉತ್ತರ ಅಮೆರಿಕಕ್ಕೆ ಹರಡಿ, ಅಲ್ಲಿನ ನೀಲಿ ಹಕ್ಕಿ ಬ್ಲೂಬರ್ಡ್‌ನ ತೂತುಗಳನ್ನೆಲ್ಲ ಹಿಡಿಯಿತು. ಅಲ್ಲಿನ ಜನ ಕೊನೆಗೆ ಬ್ಲೂಬರ್ಡ್‌ಗೆಂದು ಮರದ ಪೆಟ್ಟಿಗೆ ಮಾಡಿ ಬೇಲಿಯ ಕಂಬಗಳಿಗೆ ಕಟ್ಟಿದರು. ಪೆಟ್ಟಿಗೆಯ ಬಾಯಿ ಸರಿಯಾಗಿ ಒಂದೂವರೆ ಇಂಚು. ಬ್ಲೂಬರ್ಡ್ ನುಗ್ಗುತ್ತದೆ, ಸ್ಟಾರ್ಲಿಂಗ್ ನುಗ್ಗಲಾರದು. ಲೋಕದ 100 ಕೆಟ್ಟ ವಲಸೆ ಜೀವಿಗಳು ಅಂತ 2000ದಲ್ಲಿ ಒಂದು ಪಟ್ಟಿ ಮಾಡಿದಾಗ ಅದರಲ್ಲಿ ಹಕ್ಕಿಗಳು ಮೂರೇ ಇದ್ದವು, ಮೂರರಲ್ಲಿ ಎರಡು ಈ ಗೊರವಂಕ ಮತ್ತು ಸ್ಟಾರ್ಲಿಂಗ್.

ಆದರೆ ನಮ್ಮ ಕಣದ ಪಕ್ಕದ ಮೈನಾವನ್ನು ಯಾರೂ ಹಡಗಿನಲ್ಲಿ ತಂದದ್ದಲ್ಲ. ಅದೂ ಇಲ್ಲಿಯದೇ, ಕುಟ್ರೂ ಇಲ್ಲಿಯದೇ. ಇಬ್ಬರೂ ಈ ಬೆಟ್ಟಗಳಲ್ಲಿ ಲೆಕ್ಕವಿಲ್ಲದಷ್ಟು ಕಾಲ ಜೊತೆಗೆ ಬದುಕಿ ಬಂದಿವೆ. ಹಾಗಾದರೆ ಈಗ ಕಡಿಮೆಯಾದದ್ದು ಏನು?

ಆ ಫೆಬ್ರವರಿಯಲ್ಲಿ ನಾನು ತೋಟ ಸುತ್ತಿ ತೂತುಗಳನ್ನು ಎಣಿಸಿದೆ. ಮೂರು ಸಂಜೆ ಹಿಡಿಯಿತು. ಮೇಲೆ ನೋಡುತ್ತಾ ನಡೆದು ಕತ್ತು ಹಿಡಿದುಕೊಂಡಿತ್ತು. ಇಡೀ ತೋಟದಲ್ಲಿ ಸಿಕ್ಕಿದ್ದು ಏಳು. ಅದರಲ್ಲಿ ಎರಡಕ್ಕೆ ಆಗಲೇ ಜೇನು ಸೇರಿತ್ತು. ಒಂದರಲ್ಲಿ ಅಳಿಲು.

ಹಿಂದಿನ ಆಗಸ್ಟ್‌ನಲ್ಲಿ ಏನಾಯಿತು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. 2018ರ ಆ ಮಳೆಯಲ್ಲಿ ಮಾದಾಪುರದ ಸುತ್ತಮುತ್ತ ಎಷ್ಟು ಬೆಟ್ಟ ಜಾರಿತು, ಎಷ್ಟು ಮನೆ ಹೋಯಿತು, ಎಷ್ಟು ಜನ ಶಿಬಿರಗಳಲ್ಲಿ ದಿನ ಕಳೆದರು ಅನ್ನುವುದು ಎಲ್ಲರಿಗೂ ನೆನಪಿದೆ. ನಮ್ಮ ಜೀವ ಉಳಿಯಿತು, ಮನೆ ಉಳಿಯಿತು. ತೋಟದ ಮೇಲಿನ ಅಂಚು ಮಾತ್ರ ಇಳಿದು ಹೋಯಿತು. ಅದರ ಜೊತೆಗೆ ಹಳೆಯ ನಂದಿ, ಒಂದು ಗೋಣಿ, ಎರಡು ಅತ್ತಿ ಹೋದವು. ಆ ಹೊತ್ತಿನಲ್ಲಿ ಯಾರಿಗೂ ಮರದ ಯೋಚನೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ನಂದಿಯಲ್ಲಿ ಗಿಳಿಗಳು ಇರುತ್ತಿದ್ದವು. ಗೋಣಿಯ ದೊಡ್ಡ ಪೊಟರೆಯಲ್ಲಿ ಮಂಗಟ್ಟೆ ಮರಿ ಮಾಡಿದ್ದನ್ನು ನನ್ನ ಯಜಮಾನರು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಹೆಣ್ಣು ಒಳಗೆ ಕೂತು ಬಾಗಿಲನ್ನು ಮುಚ್ಚಿಕೊಂಡಿರುತ್ತಿತ್ತು, ಗಂಡು ಬಂದು ಬಾಗಿಲ ಸಂದಿಯಿಂದ ಹಣ್ಣು ಕೊಡುತ್ತಿತ್ತು.

ಮಳೆ ಒಯ್ದದ್ದು ನಾಲ್ಕು ಮರ. ನಾವು ಕಡಿದದ್ದು ಅದಕ್ಕಿಂತ ಜಾಸ್ತಿ. ಅದನ್ನು ನಾನು ಹೇಳಲೇಬೇಕು.

ಹಾಲುವಾಣ ಮೆದು ಮರ. ಬೇಗ ಬೆಳೆಯುತ್ತದೆ, ಬೇಗ ಒಣಗುತ್ತದೆ. ಒಣಗಿದ ಮೇಲೆ ಒಳಗೆ ಹತ್ತಿಯ ಹಾಗೆ ಆಗುತ್ತದೆ, ಕುಟ್ರುವಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ತೋಟದಲ್ಲಿ ಒಣಮರ ಕಂಡರೆ ನಾವೇನು ಮಾಡುತ್ತೇವೆ? ಕಡಿಸುತ್ತೇವೆ. ಸೌದೆಗೆ ಆಗುತ್ತದೆ. ಗಾಳಿಗೆ ಬಿದ್ದರೆ ಕಾಫಿ ಗಿಡ ಮುರಿಯುತ್ತದೆ, ಕುಯ್ಯುವವರ ಮೇಲೆ ಬಿದ್ದರೆ ಜೀವವೇ ಹೋಗುತ್ತದೆ. ಆ ಭಯ ಸುಳ್ಳಲ್ಲ. 2016ರ ಬೇಸಿಗೆಯಲ್ಲಿ ನಾನೇ ನಿಂತು ಒಂಬತ್ತು ಒಣ ಹಾಲುವಾಣ ಕಡಿಸಿದ್ದೆ. ತೋಟ ಚೊಕ್ಕಟ ಆಯಿತು ಅಂತ ಸಂತೋಷಪಟ್ಟಿದ್ದೆ. ಆ ಜಾಗದಲ್ಲಿ ಸಿಲ್ವರ್ ಹಾಕಿದೆವು. ಮೆಣಸಿನ ಬಳ್ಳಿಗೆ ನೆಟ್ಟಗಿನ ಕಂಬ ಸಿಗುತ್ತದೆ, ಬೇಗ ಬೆಳೆಯುತ್ತದೆ, ಕಷ್ಟ ಕಾಲದಲ್ಲಿ ಕಡಿದು ಮಾರಬಹುದು. ಊರ ಮರ ಆದರೆ ಹಾಗಲ್ಲ. ಕೊಡಗಿನಲ್ಲಿ ಯಾವ ಜಮೀನಿನ ಮರದ ಮೇಲೆ ಯಾರಿಗೆ ಹಕ್ಕು ಅನ್ನುವುದೇ ದೊಡ್ಡ ತೊಡಕು, ಕಡಿಯಲು ಅನುಮತಿಗೆ ಅಲೆಯಬೇಕು. ಹಾಗಾಗಿ ಬೆಳೆಗಾರರು ಸಿಲ್ವರ್ ಕಡೆಗೆ ವಾಲಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬದುಕು ಸಾಗಬೇಕು.

ಆದರೆ ಸಿಲ್ವರ್ ನಮ್ಮಲ್ಲಿ ಮುದಿಯಾಗುವುದಿಲ್ಲ. ಮುದಿಯಾಗುವ ಮೊದಲೇ ಲಾರಿ ಹತ್ತುತ್ತದೆ. ಕೊಂಬೆ ಮುರಿದು, ಗಾಯ ಕೊಳೆತು, ಪೊಟರೆಯಾಗಲು ಒಂದು ಮರಕ್ಕೆ ಎಷ್ಟೋ ಹತ್ತು ವರ್ಷ ಬೇಕು. ಆ ವರ್ಷಗಳನ್ನು ನಾವು ಅದಕ್ಕೆ ಕೊಡುವುದಿಲ್ಲ. ದೇಶದ ಕಾಫಿಯಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. ತೋಟವೇ ಇಲ್ಲಿ ಹಕ್ಕಿಗಳ ಕಾಡು. ಕೊಡಗಿನ ಕಾಫಿ ನೆರಳಿನ ಕಾಫಿ, ಹಕ್ಕಿಗಳ ಕಾಫಿ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನೆರಳು ಇದೆ ನಿಜ. ಆದರೆ ಎಲೆ ಇರುವ ಮರಗಳ ನಡುವೆ ಎಲೆ ಇಲ್ಲದ ಮರಕ್ಕೂ ಜಾಗ ಬೇಕು ಅನ್ನುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ತಲೆ ಎತ್ತಿ ನೋಡಿರಲಿಲ್ಲ.

ಆ ಜೋಡಿ ಕುಟ್ರು ಏನಾದವು ಅಂತ ನೀವು ಕೇಳಬಹುದು. ಎಷ್ಟೋ ವಾರ ಅವುಗಳ ಸುದ್ದಿಯೇ ಇರಲಿಲ್ಲ. ಕೂಗು ದೂರದಿಂದ ಬರುತ್ತಿತ್ತು, ಅವೇನೋ ಬೇರೆಯವೋ ಗೊತ್ತಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂಬಿಟ್ಟ ಬೆಳಿಗ್ಗೆ, ಆ ವಾಸನೆಗೆ ಹೊರಗೆ ಬಂದು ನಿಂತಿದ್ದಾಗ ಟಕ್ ಟಕ್ ಕೇಳಿಸಿತು. ಅದೇ ಹಾಲುವಾಣ. ಮೈನಾದ ಮನೆಗಿಂತ ಒಂದು ಮಾರು ಕೆಳಗೆ, ಇನ್ನೊಂದು ಕೊಂಬೆಯಲ್ಲಿ ಹೊಸ ತೂತು ಶುರುವಾಗಿತ್ತು. ಮೇಲೆ ಮೈನಾದ ಮರಿಗಳು ಚೀರುತ್ತಿದ್ದವು, ತಾಯಿ ತಂದೆ ಹುಳ ತಂದು ತಂದು ಸುಸ್ತಾಗಿದ್ದವು. ಕೆಳಗೆ ಕುಟ್ರು ಹುಡಿ ಕೊಡವುತ್ತಿತ್ತು. ಎರಡೂ ಒಂದನ್ನೊಂದು ತಿರುಗಿಯೂ ನೋಡಲಿಲ್ಲ. ಮೇ ತಿಂಗಳ ಕೊನೆಗೆ ಕೆಳಗಿನ ತೂತಿನಿಂದ ಎರಡು ಮರಿ ಹಾರಿದವು. ಮೂರನೆಯದು ಇತ್ತೋ ಇಲ್ಲವೋ, ನಾನು ನೋಡಿದ್ದು ಎರಡು. ಅತ್ತೆ ಆ ದಿನ ಕಾಫಿ ಲೋಟ ಹಿಡಿದುಕೊಂಡು ಮರದ ಕೆಳಗೇ ನಿಂತಿದ್ದರು, ಕಾಫಿ ಆರಿ ಹೋಗುವವರೆಗೂ.

ಮುಂದಿನ ವರ್ಷ ಮೈನಾದ ಆ ತೂತಿಗೆ ಗಿಳಿಗಳು ಬಂದವು. ಬಾಯಿಯನ್ನು ಕಡಿದು ಅಗಲ ಮಾಡಿಕೊಂಡವು. ಅದರ ಮುಂದಿನ ವರ್ಷ ಒಂದು ಮಧ್ಯಾಹ್ನ ಅದರೊಳಗಿಂದ ಎರಡು ದುಂಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಚಿಕ್ಕ ಗೂಬೆ. ಒಂದು ಕುಟ್ರು ಇಪ್ಪತ್ತು ದಿನ ದುಡಿದದ್ದರಲ್ಲಿ ಮೂರು ವರ್ಷ ಮೂರು ಸಂಸಾರ ಇದ್ದವು. ಆ ಕೊಂಬೆ 2022ರ ಮಳೆಗಾಲದಲ್ಲಿ ಮುರಿದು ಬಿತ್ತು. ಬಿದ್ದ ತುಂಡನ್ನು ಸೀಳಿ ನೋಡಿದೆವು. ಒಳಗೆ ಮೊಳದುದ್ದದ ಕೋಣೆ, ಗೋಡೆ ನುಣ್ಣಗೆ. ತಳದಲ್ಲಿ ಪದರ ಪದರ. ಮೇಲೆ ಇಲಿಯ ಮೂಳೆ, ಅದರ ಕೆಳಗೆ ಒಂದು ಹಸಿರು ಗರಿ, ಅದರ ಕೆಳಗೆ ಕೊಳೆತ ಹುಲ್ಲು. ಹುಲ್ಲಿನಲ್ಲಿ ಮಡಚಿಕೊಂಡು ಆ ಚಾಕೊಲೇಟ್ ಕಾಗದ, ಬಣ್ಣ ಇನ್ನೂ ಹೋಗಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಒಂದು ಹಿಡಿ ಮರದ ಹುಡಿ.

ಈಗ ಮರ ಕಪಾತಿಗೆ, ಅಂದರೆ ಕೊಂಬೆ ಸವರಲು ಬರುವ ಅಣ್ಣನಿಗೆ ಹೇಳಿಟ್ಟಿದ್ದೇನೆ. ದಾರಿಯ ಮೇಲೆ, ಕೆಲಸದವರ ಲೈನ್ ಮನೆಯ ಹತ್ತಿರ, ಕರೆಂಟ್ ತಂತಿಯ ಹತ್ತಿರ ಇರುವ ಒಣಮರ ಇಳಿಸಿಬಿಡಿ. ಮಿಕ್ಕಿದ್ದರಲ್ಲಿ ತುದಿ, ಚಾಚಿದ ಕೊಂಬೆ ಮಾತ್ರ ತೆಗೆದು, ಎರಡಾಳು ಎತ್ತರದ ಬೊಡ್ಡೆ ಹಾಗೇ ನಿಲ್ಲಿಸಿ. ಬಿದ್ದರೂ ಹತ್ತಿರವೇ ಬೀಳುತ್ತದೆ, ಗಿಡಕ್ಕೆ ಜಾಸ್ತಿ ಏಟಾಗುವುದಿಲ್ಲ. ಮೊದಲ ವರ್ಷ ಅವರು ಒಪ್ಪಲಿಲ್ಲ. "ಅಮ್ಮ, ಒಣಗಿದ್ದನ್ನ ಹಾಗೇ ಬಿಟ್ಟರೆ ನೋಡಿದವರು ಏನಂತಾರೆ? ನನ್ನ ಕೆಲಸ ಸರಿಯಿಲ್ಲ ಅಂತಾರೆ" ಅಂದರು. ಅವರ ಮಾತೂ ಸರಿಯೇ. ಮೂವತ್ತು ವರ್ಷದಿಂದ ಮರ ಹತ್ತುವವರು, ತಮ್ಮ ಕೈಕೆಲಸದ ಬಗ್ಗೆ ಅವರಿಗೆ ಅಭಿಮಾನ ಇದೆ. ಬಿಡಬೇಕಾದ ಮರಕ್ಕೆ ನಾನೇ ಸುಣ್ಣದ ಪಟ್ಟೆ ಬಳಿದೆ, ಇದು ಮನೆಯವರೇ ಬಿಡಿಸಿದ್ದು ಅಂತ ನೋಡಿದವರಿಗೆ ಗೊತ್ತಾಗಲಿ ಅಂತ. ಹೋದ ವರ್ಷ ಅವರೇ ಬಂದು, "ಪಂಪ್‌ಸೆಟ್ ಹತ್ತಿರದ್ದಕ್ಕೂ ಪಟ್ಟೆ ಹಾಕಿ ಅಮ್ಮ, ಅದರಲ್ಲಿ ಏನೋ ಇದೆ" ಅಂದರು.

ಸುಣ್ಣದ ಪಟ್ಟೆಯ ಮರಗಳು ಈಗ ಹನ್ನೊಂದು. ತೂತುಗಳು ಹತ್ತೊಂಬತ್ತು. ಜಗಳ ನಿಂತಿಲ್ಲ. ಈ ಜನವರಿಯಲ್ಲೂ ಕೆರೆಯ ಪಕ್ಕದ ಬೊಡ್ಡೆಯಲ್ಲಿ ಮೈನಾ ಕುಟ್ರುವನ್ನು ಓಡಿಸಿತು. ನೋಡಿದಾಗ ಈಗಲೂ ಹೊಟ್ಟೆಯೊಳಗೆ ಹಿಂಡಿದ ಹಾಗಾಗುತ್ತದೆ. ಆದರೆ ಈ ಸಲ ಕುಟ್ರುವಿಗೆ ಎಷ್ಟೋ ವಾರ ಜಾಗ ಹುಡುಕಬೇಕಾ­ಗಲಿಲ್ಲ. ಮೂರನೇ ದಿನವೇ ಪಂಪ್‌ಸೆಟ್ ಹತ್ತಿರದ ಮರದಲ್ಲಿ ಸದ್ದು ಕೇಳಿಸಿತು.

ಇವತ್ತು ಬೆಳಿಗ್ಗೆ ಹೋಗಿ ನೋಡಿ ಬಂದೆ. ಆ ಮರದಲ್ಲಿ ಮೂರು ತೂತು. ಮೇಲಿನದರ ಬಾಯಲ್ಲಿ ಒಣಹುಲ್ಲಿನ ಎಳೆ ನೇತಾಡುತ್ತಿದೆ. ನಡುವಿನದು ಖಾಲಿ. ಕೆಳಗಿನದು ಇನ್ನೂ ಬೆರಳಿನಷ್ಟು ಆಳ ಆಗಿದೆ. ಅದರ ಕೆಳಗೆ ರೋಬಸ್ಟಾ ಗಿಡದ ಎಲೆಗಳ ಮೇಲೆಲ್ಲ ತಿಳಿ ಹಳದಿ ಹುಡಿ.